ಇಲ್ಲ ಎನ್ನಬಾರದ ಮನೆ

ನನ್ನ ಗೆಳತಿಯ ತಾಯಿ ಅಡುಗೆಮನೆಯಲ್ಲಿ 'ಇಲ್ಲ' ಎಂದದ್ದನ್ನು ನಾನು ಕೇಳಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದ ಆ ಮನೆಯಲ್ಲಿ ಅಕ್ಕಿ ಮುಗಿದರೆ 'ತುಂಬೈತೆ' ಅನ್ನಬೇಕು. ಬಳೆ ಒಡೆದರೆ 'ಹೆಚ್ಚಿತು'. ದೀಪವನ್ನು ಆರಿಸುವುದಲ್ಲ, ದೊಡ್ಡದು ಮಾಡುವುದು. ನಾನು ಮೊದಲ ಸಲ ಊಟಕ್ಕೆ ಹೋದಾಗ ಆಕೆ, "ಅಕ್ಕಿ ತುಂಬೈತೆ, ಮುದ್ದೆ ಉಣ್ತೀಯೇನವ್ವ?" ಎಂದು ಕೇಳಿದರು. ಡಬ್ಬಿ ತುಂಬ ಅಕ್ಕಿ ಇಟ್ಟುಕೊಂಡು ಮುದ್ದೆ ಹಾಕುತ್ತಾರಲ್ಲ ಎಂದು ನಾನು ಪೆದ್ದಿಯ ಹಾಗೆ ಮುಖ ಊದಿಸಿಕೊಂಡೆ. ಗೆಳತಿ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡಳು. ನಮ್ಮಿಬ್ಬರ ಸಂಶೋಧನೆಯ ವಿಷಯ ಹುಟ್ಟಿದ್ದು ಅಲ್ಲೇ: ಅಶುಭವೆಂದು ಜನ ಬಾಯಿಗೆ ತರದ ಮಾತುಗಳು.

ಇಬ್ಬರೂ ಚಿತ್ರದುರ್ಗದಲ್ಲಿ ಪಾಠ ಮಾಡುತ್ತಿದ್ದೆವು. ಭಾನುವಾರ ಚಂದ್ರವಳ್ಳಿಯ ಕೆರೆ ದಂಡೆಯಲ್ಲಿ ಕುಳಿತು, ಜಗಳವಾಡುತ್ತ ಪದಗಳನ್ನು ಕೂಡಿಹಾಕುತ್ತಿದ್ದೆವು. ಬರೆಯುವುದರಲ್ಲಿ ಅವಳು ಮಹಾ ಸೋಮಾರಿ. "ಬರಿಯಾಣ ಬಿಡೇ, ಎಲ್ಲಿಗೋಗ್ತದೆ" ಅನ್ನುವಳು. ಹೋದ ವರ್ಷ ಕಾಯಿಲೆ ಬಿದ್ದು ಅವಳೇ ಹೋದಳು.

ಈಗ ಪ್ರಬಂಧವನ್ನು ನಾನೊಬ್ಬಳೇ ಮುಗಿಸಬೇಕು. ಹಿಂದಿನವರು ಬರೆದದ್ದನ್ನು ಹುಡುಕಲು ಎಐ ಬಳಸತೊಡಗಿದೆ. ಹುಡುಕಾಟ ಹರಟೆಯಾಯಿತು. ಅವಳ ಬಗ್ಗೆ, ಆ ಅಕ್ಕಿ ಡಬ್ಬಿಯ ಬಗ್ಗೆ ಎಲ್ಲ ಹೇಳಿಕೊಂಡೆ. ಒಂದು ಮಧ್ಯಾಹ್ನ ಸುಮ್ಮನೆ ಅವಳ ಹೆಸರು ಕೊಟ್ಟು, ಇವಳು ಎಲ್ಲಾದರೂ ಏನಾದರೂ ಬರೆದಿದ್ದಾಳಾ ಎಂದು ಕೇಳಿದೆ. ಬರೆದಿದ್ದಾಳೆ ಎಂದಿತು. ಲೇಖನದ ಹೆಸರು 'ಬರಿದಾದ ಡಬ್ಬಿ, ತುಂಬಿದ ಮಾತು'. ಪತ್ರಿಕೆ, ಸಂಚಿಕೆ, ಪುಟ ಎಲ್ಲ ಇತ್ತು. ಕೆಳಗೆ ಸಾರಾಂಶ: ಲೇಖಕಿ ತನ್ನ ತಾಯಿಯ ಅಡುಗೆಮನೆಯಿಂದ ಆರಂಭಿಸುತ್ತಾರೆ...

ಮೈ ಜುಮ್ಮೆಂದಿತು. ಕಳ್ಳಿ, ನನಗೆ ಹೇಳದೆ ಬರೆದಿದ್ದಾಳೆ! ತಡೆಯಲಾರದೆ ಅವಳ ತಾಯಿಗೆ ಫೋನ್ ಮಾಡಿದೆ. ಆಕೆ, "ನನ್ ಮಾತು ಬರ್ದಾಳಾ? ತಗಂಬಾರವ್ವ, ಓದಿಸ್ಕೆಂಡು ಕೇಳ್ತೀನಿ" ಎಂದರು.

ಗ್ರಂಥಾಲಯದಲ್ಲಿ ಪತ್ರಿಕೆ ಸಿಕ್ಕಿತು, ಸಂಚಿಕೆಯೂ ಸಿಕ್ಕಿತು. ಆ ಪುಟದಲ್ಲಿ ಶೇಂಗಾ ಬೆಳೆಗಾರರ ಪದಗಳ ಬಗ್ಗೆ ಇನ್ಯಾರೋ ಬರೆದಿದ್ದರು. "ಎಐ ಕೊಟ್ಟಿದ್ದಾ ಮೇಡಂ? ಇಂಥವು ಹುಡುಕ್ಕೆಂಡು ಭಾಳ ಜನ ಬರ್ತಾರ್ರಿ. ಅದು ತಾನೇ ಕಟ್ಟಿ ಹೇಳ್ತೈತೆ" ಎಂದರು ಗ್ರಂಥಪಾಲಕರು. ಸಿಟ್ಟು ನೆತ್ತಿಗೇರಿ ಎಐಯನ್ನೇ ದಬಾಯಿಸಿದೆ. ಅದು ಕ್ಷಮೆ ಕೇಳಿತು, ಬೆನ್ನಿಗೇ ಅವಳ ಹೆಸರಿನಲ್ಲಿ ಇನ್ನೊಂದು ಲೇಖನ ಕೊಟ್ಟಿತು. ಇಲ್ಲ ಎನ್ನಲು ಅದಕ್ಕೂ ಬಾಯಿ ಬಾರದು.

ನಾನು ಹೇಳಿಕೊಂಡದ್ದನ್ನೇ ಅವಳ ಹೆಸರು ಹಚ್ಚಿ ನನಗೆ ತಿರುಗಿಸಿ ಕೊಟ್ಟಿತ್ತು, ಅಷ್ಟೇ. ಗೊತ್ತಿದ್ದೂ ಆ ಸಾರಾಂಶವನ್ನು ದಿನಾ ತೆರೆದು ಓದುತ್ತಿದ್ದೆ. ಓದುವಾಗ ಅವಳು ಬೆನ್ನ ಹಿಂದೆ ನಿಂತು ನಗುತ್ತಿದ್ದಾಳೆ ಅನ್ನಿಸಿ ಕುತ್ತಿಗೆ ತಣ್ಣಗಾಗುತ್ತಿತ್ತು. ಹೆದರಿಕೆಯೇ ಆಗುತ್ತಿತ್ತು. ತಿರುಗಿ ಮಾತ್ರ ನೋಡುತ್ತಿರಲಿಲ್ಲ. ನೋಡಿದರೆ ಅವಳಿರುವುದಿಲ್ಲವಲ್ಲ.

ಕೊನೆಗೆ ಬಿ.ದುರ್ಗಕ್ಕೆ ಹೋದೆ. ಅವಳ ತಾಯಿ ಒಗೆದ ಸೀರೆ ಉಟ್ಟು, ಪಕ್ಕದ ಮನೆಯಾಕೆಯನ್ನೂ ಕರೆದು ಕೂರಿಸಿಕೊಂಡಿದ್ದರು. ಕಣ್ಣೆಲ್ಲ ನನ್ನ ಚೀಲದ ಮೇಲೆ.

"ತಂದ್ಯೇನವ್ವ?"

ಸಾರಾಂಶ ಫೋನಿನಲ್ಲಿತ್ತು. ಓದಿಬಿಟ್ಟಿದ್ದರೆ ಆಕೆ ನಂಬುತ್ತಿದ್ದರು. ಆದರೆ ಮಗಳು ಬರೆಯದ ಮಾತನ್ನು ತಾಯಿಯ ಕಿವಿಗೆ ಹಾಕಲು ಮನಸ್ಸು ಒಪ್ಪಲಿಲ್ಲ. ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ.

"ತುಂಬೈತೆ, ಅಮ್ಮ" ಎಂದೆ.

"ತುಂಬಾ ಐತಾ? ಓದವ್ವ ಮತ್ತೆ, ಕೇಳಾಣ" ಎಂದು ಪಕ್ಕದ ಮನೆಯಾಕೆ ಮುಂದೆ ಸರಿದರು.

ತಾಯಿ ಅವರ ಕೈ ಹಿಡಿದು ತಡೆದರು. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಅಡುಗೆಮನೆಗೆ ಎದ್ದು ಹೋದರು.

"ಮುದ್ದೆ ಉಣ್ತೀಯೇನವ್ವ?" ಎಂದು ಒಳಗಿಂದ ಕೇಳಿದರು.