ಮುಟ್ಟಬಾರದ ಬಲಗೈ

ನಮ್ಮಕ್ಕನ ಬಲಗೈಯನ್ನು ಹನ್ನೊಂದು ವರ್ಷ ಕಾವಲು ಕಾದವಳು ನಾನು. ಬಲಸ್ತನದ ಕ್ಯಾನ್ಸರಿಗೆ ಆಪರೇಷನ್ ಮಾಡಿ, ಕಂಕುಳವರೆಗೂ ರೇಡಿಯೇಷನ್ ಕೊಟ್ಟು ಮನೆಗೆ ಕಳಿಸುವಾಗ, ಆ ಕೈಗೆ ಸೂಜಿ ಚುಚ್ಚಿಸಬೇಡಿ, ಬಿಪಿ ನೋಡಿಸಬೇಡಿ, ಬಾವು ಬಂದೀತು ಎಂದು ಡಾಕ್ಟರು ಹೇಳಿದ್ದರು. ನಾನು ಬಿಡುತ್ತೇನೆಯೇ? ಅವಳ ಆಸ್ಪತ್ರೆ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ‘ಬಲಗೈ ಮುಟ್ಟಬೇಡಿ’ ಎಂದು ದಪ್ಪಗೆ ಬರೆದೆ. ನಾಡಿ ನೋಡಲು ಬಂದ ನರ್ಸನ್ನೂ ಗದರಿ ಎಡಗೈ ಹಿಡಿಸಿದೆ.

ಅಕ್ಕ ಟೈಲರ್. ಅವಳು ಬಟ್ಟೆ ಕತ್ತರಿಸುತ್ತಾಳೆ. ನಾನು ಕಾಜಾ ಹೊಲಿಯುತ್ತೇನೆ, ಎಲ್ಲದಕ್ಕೂ ಬಾಯಿ ಹಾಕುತ್ತೇನೆ. ಈ ವರ್ಷ ಅವಳ ಕತ್ತರಿ ನಡುನಡುವೆ ನಿಲ್ಲತೊಡಗಿತು. ನಾಲ್ಕು ಗೇಣು ಕತ್ತರಿಸಿ ಕೈ ಇಳಿಬಿಟ್ಟು ಕೂರುವಳು. ವಯಸ್ಸಾಯಿತು ಎಂದಳು. ಕತ್ತರಿ ಮೊಂಡಾಗಿದೆ ಎಂದು ನಾನು ಸಾಣೆ ಹಿಡಿಸಿ ತಂದೆ. ಎಂಥ ಬುದ್ಧಿವಂತಿಕೆ ನನ್ನದು!

ಒಂದು ಬೆಳಿಗ್ಗೆ ಅವಳ ತೋರುಬೆರಳಿಗೆ ಗುಂಡುಸೂಜಿ ನೆಟ್ಟಿತ್ತು, ಅವಳಿಗೆ ಗೊತ್ತೇ ಇರಲಿಲ್ಲ. ಕೀಳಲು ಹೋದರೆ ಬೆರಳು ಬಿಳಿಚಿ ತಣ್ಣಗಿತ್ತು. ಅಂಗಡಿ ಬಾಗಿಲು ಹಾಕಿ ಅವಳನ್ನು ಹೊರಡಿಸಿದೆ.

ಆಸ್ಪತ್ರೆಯಲ್ಲಿ ಹೊಸ ಡಾಕ್ಟರಮ್ಮ ನೇರ ಬಲಗೈಯನ್ನೇ ಹಿಡಿದರು. ಮುಟ್ಟಬೇಡಿ ಎನ್ನುತ್ತಾ ನಾನು ಎದ್ದೇಬಿಟ್ಟೆ. ಅವರು ಬಿಡಲಿಲ್ಲ, ಮಣಿಕಟ್ಟಿನ ಮೇಲೆ ಬೆರಳು ಸರಿಸಿ ಸರಿಸಿ ಹುಡುಕಿದರು.

“ಇಲ್ಲಿ ನಾಡಿ ಸಿಗ್ತಾ ಇಲ್ಲ. ಈ ಕೈನ ಕೊನೇ ಸಲ ಯಾರು ನೋಡಿದ್ರು?”

ಅಕ್ಕ ನನ್ನ ಮುಖ ನೋಡಿದಳು.

ಅವಳ ಜೀವ ಉಳಿಸಿದ ರೇಡಿಯೇಷನ್ನೇ ಕೈಗೆ ಹೋಗುವ ರಕ್ತನಾಳವನ್ನು ಒಳಗೊಳಗೇ ಕಿರಿದು ಮಾಡಿತ್ತು. ಅಪರೂಪಕ್ಕೆ, ಎಷ್ಟೋ ವರ್ಷದ ಮೇಲೆ ಹೀಗಾಗುತ್ತದಂತೆ. ನಾಳ ಅಗಲಿಸಲು ಸ್ಟೆಂಟ್ ಹಾಕುತ್ತೇವೆ, ಆದರೂ ರಕ್ತ ಹರಿಯದಿದ್ದರೆ ಬೆರಳುಗಳು ಉಳಿಯುವುದು ಕಷ್ಟ ಎಂದರು. ನಾಡಿ ಹಿಡಿಯಬಾರದೆಂದು ಯಾರೂ ಹೇಳಿರಲಿಲ್ಲ. ಅದು ನಾನೇ ಸೇರಿಸಿದ್ದು.

ಒಳಗೆ ಕರೆದೊಯ್ಯುವಾಗ ಅಕ್ಕ ಬೈದಿದ್ದರೆ ಸಾಕಿತ್ತು. ಬೈಯಲಿಲ್ಲ. ಮೇಜಿನ ಮೇಲೆ ಅರ್ಧ ಕತ್ತರಿಸಿದ ಬಟ್ಟೆ ಇದೆ, ನೀನು ಬುದ್ಧಿ ಓಡಿಸಬೇಡ, ನಾನೇ ಬಂದು ಮುಗಿಸುತ್ತೇನೆ ಎಂದಳು. ಎರಡು ಗಂಟೆ ಹೊರಗೆ ಕೂತೆ. ತೊಡೆಯ ಮೇಲೆ ಆ ಫೈಲು. ಕೆಂಪು ಅಕ್ಷರ ಕಾಣದಂತೆ ಮಗುಚಿ ಇಟ್ಟೆ.

ಹೊರಗೆ ತಂದಾಗ ಅಕ್ಕ ಬಲಗೈ ಚಾಚಿದಳು. ಹಿಡಿದೆ. ಏನೂ ಸಿಗಲಿಲ್ಲ, ಮಣಿಕಟ್ಟಿನ ಮೇಲೆ ಬೆರಳು ಸರಿಸುತ್ತಾ ಹೋದೆ.

“ಇದೆಯೇನೇ?”

ಅವಳ ಹೆಬ್ಬೆರಳ ಬುಡದಲ್ಲಿ ನಾಡಿ ಸಣ್ಣಗೆ ಬಡಿಯಿತು. “ಇದೆ ಅಕ್ಕಾ” ಎಂದು ಅತ್ತುಬಿಟ್ಟೆ.

ಈಗ ದಿನಾ ಬೆಳಿಗ್ಗೆ ಅಂಗಡಿಯಲ್ಲಿ ಮೊದಲು ಅವಳ ಮಣಿಕಟ್ಟು ಹಿಡಿಯುತ್ತೇನೆ. ಕೆಲವು ದಿನ ತಡವಾಗಿ ಸಿಗುತ್ತದೆ. ಸಿಗುವವರೆಗೂ ಕತ್ತರಿ ಕೊಡುವುದಿಲ್ಲ.