ಬಾಯಿಗೆ ಬಾರದ ಹೆಸರು

ಸಿಂಚನಾ, ತೇಜಸ್, ಮೊನ್ನೆ ಬೀರುವಿನಿಂದ ಸೀರೆ ತೆಗೆಯುವಾಗ ನನ್ನ ಹಳೆಯ ಪಾಸ್‌ಬುಕ್ಕು ಸಿಕ್ಕಿತು. ಬಿಚ್ಚಿದೆ. ಒಣಗಿದ ಗೋಂದಿನ ವಾಸನೆ… ಜೊತೆಗೇ ಬ್ಯಾಂಕಿನ ಗುಮಾಸ್ತರು ನೆನಪಾದರು. ನನ್ನ ಫೋಟೋ ಅಂಟಿಸಿದವರು ಅವರೇ.

ಯಲಹಂಕದ ಹಳೇ ಪೇಟೆಯಲ್ಲಿ ದ್ರಾಕ್ಷಿ ತೋಟದವರೂ ಹಾಲಿನವರೂ ಸೇರಿ, ಒಬ್ಬರ ಮನೆಯ ಹಜಾರದಲ್ಲಿ ಶುರು ಮಾಡಿದ ಸಣ್ಣ ಬ್ಯಾಂಕು ಅದು. ಒಂದು ಮೇಜು, ಒಂದು ಕಬ್ಬಿಣದ ಪೆಟ್ಟಿಗೆ, ಒಬ್ಬರು ಗುಮಾಸ್ತರು. ಹೊಲಿಗೆಯಿಂದ ಬಂದದ್ದನ್ನು ನನ್ನ ಹೆಸರಿನಲ್ಲೇ ಇಡಬೇಕೆಂದು ನಿಮ್ಮ ತಾತ ನನ್ನನ್ನು ಒಬ್ಬಳನ್ನೇ ಕಳಿಸಿದ್ದರು.

"ಯಜಮಾನ್ರ ಹೆಸರೇನಮ್ಮ?" ಎಂದರು ಗುಮಾಸ್ತರು.

ನಮ್ಮ ಕಡೆ ಗಂಡನ ಹೆಸರು ಹೇಳುವಂತಿರಲಿಲ್ಲ. ಹೇಳಿದರೆ ಅವರ ಆಯಸ್ಸು ಕಡಿಮೆಯಾಗುತ್ತದೆಂದು ನನ್ನ ಅಜ್ಜಿ ಹೆದರಿಸಿದ್ದರು. ತಲೆ ತಗ್ಗಿಸಿ ನಿಂತೆ. ಹಿಂದಿದ್ದ ಹಾಲಿನಾಕೆ, "ಮದ್ವೆ ಆಗೈತೋ ಇಲ್ವೋ ಮೊದ್ಲು ಕೇಳಿ ಸ್ವಾಮಿ!" ಎಂದಳು. ಎಲ್ಲರೂ ನಕ್ಕರು. ಖಾತೆಯೇ ಬೇಡವೆಂದು ಹೊರಟೆ.

"ಬನ್ನಿ ಇಲ್ಲಿ. ಹೇಳ್ಬೇಡಿ ಕಣಮ್ಮ, ಬರೀರಿ. ಬರ್ದ್ರೆ ಯಾರಿಗೂ ಕೇಳ್ಸಲ್ಲ," ಎಂದು ಗುಮಾಸ್ತರು ಪಾಸ್‌ಬುಕ್ಕನ್ನೂ ಪೆನ್ನನ್ನೂ ನನ್ನತ್ತ ತಿರುಗಿಸಿದರು. ಮೊದಲ ಪುಟದಲ್ಲಿ ನಾನೇ ಬರೆದೆ.

ಆಮೇಲೆ ಅವರು ಹೆಂಗಸರನ್ನು ಆ ಪ್ರಶ್ನೆ ಕೇಳಿದ್ದನ್ನು ನಾನು ನೋಡಲಿಲ್ಲ. ಬರೆಯಲು ಬಾರದವರಿಗೆ ಊರಿನ ಗಂಡಸರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಹೋಗುವರು. ತಲೆಯಾಡಿಸಿದ ಕಡೆ ನಿಲ್ಲಿಸುವರು.

ಬ್ಯಾಂಕು ಬೆಳೆಯಿತು. ಸ್ವಂತ ಕಟ್ಟಡವಾಯಿತು. ಸಂಜಯನಗರದಲ್ಲಿ ಶಾಖೆ ತೆರೆದಾಗ ಗುಮಾಸ್ತರು ಮಗಳ ಮದುವೆಯೇನೋ ಎಂಬಂತೆ ನಮಗೆಲ್ಲ ಲಾಡು ಕೊಟ್ಟರು. ಗೊರಗುಂಟೆಪಾಳ್ಯದಲ್ಲಿ ತೆರೆಯುವಾಗ ಅವರಿಗೆ ನಿವೃತ್ತಿಯಾಗಿತ್ತು. ಮುಂದೆ ಯಾವುದೋ ದೊಡ್ಡ ಬ್ಯಾಂಕು ಇದನ್ನು ಸೇರಿಸಿಕೊಂಡಿತು. ಒಂದೇ ದಿನದಲ್ಲಿ ಬೋರ್ಡು ಬದಲಾಯಿತು, ಬಾಗಿಲಿಗೆ ಗಾಜು ಬಂತು.

ಕೊನೆಯ ಸಲ ಅವರನ್ನು ಕಂಡದ್ದು ಅಲ್ಲೇ, ಟೋಕನ್ ಹಿಡಿದು ಕೂತಿದ್ದರು. "ನನ್ ಬೆರಳ್ನೇ ಮಿಷನ್ನು ಒಪ್ತಿಲ್ವಂತೆ ಕಣಮ್ಮ. ಇಷ್ಟ್ ವರ್ಷ ಗೋಂದು ಮೆತ್ತಿ ಸವೆಸ್ಬಿಟ್ಟೆ ನೋಡಿ," ಎಂದು ನಕ್ಕರು. ಆ ವರ್ಷವೇ ತೀರಿಕೊಂಡರು. ನನಗೆ ತಿಳಿದದ್ದು ತಿಂಗಳಾದ ಮೇಲೆ…

ಕಳೆದ ವಾರ ನನ್ನ ಖಾತೆ ನಿಂತುಹೋಯಿತು. ನಿಮ್ಮ ಅಪ್ಪ ಬ್ಯಾಂಕಿಗೆ ಫೋನು ಮಾಡಿ, ನನ್ನ ಕೈಗೆ ಕೊಟ್ಟು ಆಫೀಸಿಗೆ ಹೊರಟ. ಹುಡುಗಿಯೊಬ್ಬಳು ಊರು, ಹುಟ್ಟಿದ ವರ್ಷ ಎಲ್ಲ ಕೇಳಿ, "ಹಸ್ಬೆಂಡ್ ಹೆಸರು ಹೇಳಿ ಅಮ್ಮ," ಎಂದಳು.

"ಬರೆದು ಕೊಟ್ರೆ ಆಗಲ್ವೇನಮ್ಮ?"

"ಫೋನಲ್ಲಿ ಹೆಂಗ್ ಬರೀತೀರ? ಹೇಳ್ಲೇಬೇಕು, ಇಲ್ಲಾಂದ್ರೆ ಖಾತೆ ಓಪನ್ ಆಗಲ್ಲ."

ನಿಮ್ಮ ತಾತ ಹೋಗಿ ಎಷ್ಟು ಕಾಲವಾಯಿತು, ಕಡಿಮೆಯಾಗಲು ಆಯಸ್ಸೆಲ್ಲಿದೆ ಎಂದುಕೊಂಡೆ. ಆದರೂ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಹೇಳಿದೆ.

"ಕೇಳಿಸ್ಲಿಲ್ಲ ಅಮ್ಮ, ಸ್ವಲ್ಪ ಜೋರಾಗಿ."

ಇನ್ನೊಮ್ಮೆ ಹೇಳಿದೆ. "ಥ್ಯಾಂಕ್ಯೂ ಅಮ್ಮ, ಆಯ್ತು," ಎಂದಳು. ಖಾತೆ ಉಳಿಯಿತು. ಆಮೇಲೆ ಬಹಳ ಹೊತ್ತು ಅಲ್ಲೇ ಕೂತಿದ್ದೆ, ಕುಕ್ಕರು ಕೂಗಿದರೂ ಏಳಲಾಗಲಿಲ್ಲ. ಬರೀರಿ ಎಂದು ಪಾಸ್‌ಬುಕ್ಕು ತಿರುಗಿಸಿ ಕೊಡುವವರು ಈಗ ಯಾರೂ ಇಲ್ಲ.

ನಿಮ್ಮ ತಾತನ ಹೆಸರು ಈ ಹಾಳೆಗಳಲ್ಲಿಲ್ಲ, ಪಾಸ್‌ಬುಕ್ಕಿನ ಮೊದಲ ಪುಟದಲ್ಲಿದೆ, ನನ್ನ ಕೈಬರಹದಲ್ಲಿ. ಎರಡನ್ನೂ ಒಟ್ಟಿಗೆ ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ.