ಕರಿಬೇವಿನ ಎಲೆಯ ಹುಳು

ಇವತ್ತು ಬೆಳಿಗ್ಗೆ ಒಗ್ಗರಣೆಗೆ ಕರಿಬೇವು ಕಿತ್ತು ತಂದೆ. ಬೆರಳಿಗೆ ಹತ್ತಿದ ಘಮ ನನ್ನನ್ನು ನೇರ ತೊಂಬತ್ತರ ದಶಕದ ಆಸ್ಟ್ರೇಲಿಯಾದ ಮಾಡ್ಬರಿ ಬಡಾವಣೆಗೆ ಎಳೆದುಕೊಂಡು ಹೋಯಿತು. ಆಗ ಅಡಿಲೇಡಿನ ನಮ್ಮ ಪರಿಚಯದ ಕನ್ನಡದವರಲ್ಲಿ ಕರಿಬೇವಿನ ಗಿಡವಿದ್ದದ್ದು ನನ್ನೊಬ್ಬನ ಬಳಿ. ನನ್ನ ಜಂಬ ಕೇಳಬೇಡಿ. ಯಾರು ಬಂದರೂ ಎರಡೇ ಎಸಳು. ಮೂರನೆಯದಕ್ಕೆ ಕೈ ಹಾಕಿದರೆ ಮಾತು ಬದಲಾಯಿಸುತ್ತಿದ್ದೆ.

ಪಕ್ಕದ ಮನೆಯ ಮಿಚಿಕೊ ಆಂಟಿ ಜಪಾನಿನವರು, ತಂದೆಯಿಂದ ಅಲ್ಲಿನ ಹಳೆಯ ಪದ್ಧತಿಯ ಚಿತ್ರಕಲೆ ಕಲಿತವರು. ಅವರ ಚಿತ್ರಗಳಲ್ಲಿ ರಾಜರಾಣಿಯರಿಲ್ಲ. ಕುಂಬಳದ ಬಳ್ಳಿ, ಅದರ ಮೇಲೊಂದು ಮಿಡತೆ, ಅದರ ಕಾಲಿನ ಮುಳ್ಳುಗಳನ್ನೂ ಎಣಿಸಬಹುದು. ಎಲೆಗಳಿಗೆ ಮಾತ್ರ ತೂತು. ಇಷ್ಟು ಚೆನ್ನಾಗಿ ಬರೆದು ತೂತು ಯಾಕೆ ಎಂದು ಕೇಳಿದೆ. "ಹುಳು ತಿಂದಿತ್ತಲ್ಲ," ಎಂದರು. ಕಂಡದ್ದನ್ನು ಬಿಡಬಾರದು, ಕಾಣದ್ದನ್ನು ಸೇರಿಸಬಾರದು ಎಂದು ಅವರ ತಂದೆಯ ಕಟ್ಟಪ್ಪಣೆಯಂತೆ.

ಗಂಡ ತೀರಿಕೊಂಡ ಮೇಲೆ ಆಂಟಿ ಕುಂಚ ಮುಟ್ಟಿರಲಿಲ್ಲ. ಒಂದು ಬೇಸಿಗೆಯಲ್ಲಿ ನನ್ನ ಗಿಡದ ಮೇಲೆ ಕಪ್ಪು ಮೈಗೆ ಕೇಸರಿ ಚುಕ್ಕೆಯ ಹುಳು ಕಂಡದ್ದೇ, ಮಡಿಸುವ ಕುರ್ಚಿ ತಂದು ಕೂತೇಬಿಟ್ಟರು. ದಿನಾ ಒಂದು ಹಾಳೆ. "ಇನ್ನು ಐದು ದಿನ ಬಿಡಿ, ಗೂಡು ಕಟ್ಟುತ್ತೆ. ಚಿಟ್ಟೆ ಆಗೋವರೆಗೂ ಬರೀಬೇಕು," ಎಂದು ಅವರ ಇಂಗ್ಲಿಷಿನಲ್ಲಿ ಬೇಡಿಕೊಂಡರು. ಆಗಲಿ ಎಂದೆ.

"ನಾಳೆ ಬಿಸಿಬೇಳೆಬಾತ್‌ಗೆ ಹತ್ತು ಜನ ಬರ್ತಾರೆ. ನಿಮ್ಮ ಹುಳು ಉಳಿಸೋದು ಬರೀ ಕಡ್ಡೀನೇ ಕಣ್ರೀ!" ಎಂದು ಹೆಂಡತಿ ಛೇಡಿಸಿದಳು. ನನಗೆ ತಡೆಯಲಾಗಲಿಲ್ಲ. ಮಧ್ಯಾಹ್ನ ಹುಳುವನ್ನು ಕಿತ್ತು ಕಸದ ಡಬ್ಬಕ್ಕೆ ಹಾಕಿ, ಗಿಡಕ್ಕೆಲ್ಲ ಸೋಪಿನ ನೀರು ಸಿಂಪಡಿಸಿದೆ. ಅಷ್ಟರಲ್ಲಿ ಕುರ್ಚಿ ಹಿಡಿದು ಆಂಟಿ ಬಂದರು.

"ಎಲ್ಲಿ?"

"ಹಕ್ಕಿ ಎತ್ಕೊಂಡು ಹೋಯ್ತು, ಆಂಟಿ."

ಅವರು ಆಕಾಶ ನೋಡಲಿಲ್ಲ, ಬಹಳ ಹೊತ್ತು ಎಲೆಯನ್ನೇ ನೋಡಿದರು. ಆಮೇಲೆ ಕೂತು ಬರೆದರು. ಬ್ರಿಸ್ಬೇನಿನ ಮಗನ ಮನೆಗೆ ಹೊರಟಾಗ ಆ ಹಾಳೆಯನ್ನು ನನಗೇ ಕೊಟ್ಟರು: ತೂತು ಬಿದ್ದ ಎಲೆ, ಅದರ ಮೇಲೆ ಸಣ್ಣ ಹನಿಗಳು. ಕಟ್ಟು ಹಾಕಿಸಿ ಗೋಡೆಗೆ ತಗುಲಿಸಿ, 'ಇಬ್ಬನಿ ನೋಡಿ, ಎಂಥ ಕೈ!' ಎಂದು ಬಂದವರಿಗೆಲ್ಲ ತೋರಿಸಿದ್ದೇನೆ. ಆಂಟಿ ಬ್ರಿಸ್ಬೇನಿನಲ್ಲೇ ತೀರಿಕೊಂಡರು. ನಿಜ ಹೇಳಲು ನನಗೆ ಬಾಯಿ ಬರಲೇ ಇಲ್ಲ.

ಇವತ್ತು ಊಟಕ್ಕೆ ಬಂದ ಮಗಳು ಚಿತ್ರದ ಮುಂದೆ ನಿಂತು, ಮೂಲೆಯಲ್ಲಿ ಆಂಟಿ ಬರೆದಿಟ್ಟಿದ್ದ ತಿಂಗಳು, ವೇಳೆ ಓದಿದಳು. ಇಲ್ಲಿನ ನಡುಬೇಸಿಗೆಯ ಜನವರಿ, ಮಧ್ಯಾಹ್ನ ಮೂರು ಗಂಟೆ.

"ಡ್ಯೂ? ಇನ್ ದಿ ಆರ್ವೋ? ಇನ್ ಸಮ್ಮರ್? ಕಮ್ ಆನ್, ಅಪ್ಪಾ!" ಬೇಸಿಗೆಯ ಮಧ್ಯಾಹ್ನ ಎಲ್ಲಿಯ ಇಬ್ಬನಿ ಎಂದು ನಕ್ಕಳು.

ಕನ್ನಡಕ ಹಾಕಿಕೊಂಡು ಹತ್ತಿರ ಹೋದೆ. ಹನಿಗಳ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳಿದ್ದವು. ಹಕ್ಕಿ ಎಲ್ಲೂ ಇರಲಿಲ್ಲ.

"ಇಬ್ಬನಿ ಅಲ್ಲ ಪುಟ್ಟಿ," ಎಂದೆ. "ಸೋಪಿನ ನೀರು. ಆಂಟಿಗೆ ಅವತ್ತೇ ಗೊತ್ತಾಗಿತ್ತು."